ಯಾರಿಗೆ ಓದಿ ಹೇಳಿದ್ದು?

ಮೊದಲು ಕೆಟಲ್ಲು ಸುಯ್ಯೆನ್ನುತ್ತಿತ್ತು. ಅದರ ಹಿಂದೆಯೇ ಚರ್ರ್ ಎಂದು ಒಂದು ಸಣ್ಣ ಸದ್ದು. ಪುಸ್ತಕದ ಹಿಂದಿನ ರಟ್ಟಿನ ಒಳಬದಿಗೆ ಅಂಟಿಸಿದ್ದ ಕಾಗದದ ಜೇಬು ಹಬೆಗೆ ಮೆತ್ತಗಾಗಿ, ಒಂದೇ ಎಳೆತಕ್ಕೆ ಕಿತ್ತು ಬರುವ ಸದ್ದು ಅದು. ಸರಿಯಾಗಿ ಕಿತ್ತರೆ ಕಾಗದ ಹರಿಯುವುದಿಲ್ಲ, ರಟ್ಟಿಗೂ ಗಾಯವಾಗುವುದಿಲ್ಲ. ನಾನು ಸರಿಯಾಗಿಯೇ ಕೀಳುತ್ತಿದ್ದೆ. ಆ ಲೈಬ್ರರಿಯ ಬೇಸ್‌ಮೆಂಟಿನಲ್ಲಿ ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ. ನಲವತ್ತು ವರ್ಷಗಳ ಮೇಲಾಯಿತು. ಈಗಲೂ ಅಡುಗೆಮನೆಯಲ್ಲಿ ಕೆಟಲ್ಲು ಸದ್ದು ಮಾಡಿದರೆ, ಅದರ ಹಿಂದೆ ಬರಬೇಕಾದ ಎರಡನೇ ಸದ್ದಿಗೆ ಕಾಯುತ್ತಾ ನಿಂತುಬಿಡುತ್ತೇನೆ.

ಇದನ್ನು ಬರೆಯುವುದಕ್ಕೆ ಕಾರಣ ಮೇಘನಾ. ಡೆಟ್ರಾಯ್ಟ್ ಹತ್ತಿರದ ನಾರ್ತ್‌ವಿಲ್ಲಿನ ನಮ್ಮ ಬಡಾವಣೆಯಲ್ಲಿ ಎರಡು ಮನೆ ಆಚೆ ಇರುವ ಹುಡುಗಿ. ಹೋದ ವಾರ ಬಂದು ಸೋಫಾದ ತುದಿಯಲ್ಲಿ ಕೂತಳು.

"ಆಂಟಿ, ಲೈಬ್ರರಿ ಸೈನ್ಸ್‌ಗೆ ಅಪ್ಲೈ ಮಾಡಿದ್ನಲ್ಲಾ, ಅಡ್ಮಿಷನ್ ಸಿಕ್ತು. ಅಮ್ಮ ಮಾತ್ರ ಮುಖ ಸಪ್ಪಗೆ ಮಾಡ್ಕೊಂಡಿದಾರೆ. ಎಲ್ಲರ ಮಕ್ಳೂ ಮೆಡಿಸಿನ್ನು, ನಮ್ಮದು ಮಾತ್ರ ಲೈಬ್ರರೀನಾ ಅಂತ. ನೀವು ಹೇಳಿ, ತುಂಬಾ ಬೋರಿಂಗಾ?"

"ಬೋರಿಂಗ್ ಅಲ್ಲಮ್ಮ, ಡೇಂಜರಸ್ಸು" ಎಂದೆ.

ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ಲೈಬ್ರರಿ ಕೆಲಸದಲ್ಲಿ ನನಗೆ ಸಿಕ್ಕ ಪ್ರಮೋಷನ್‌ಗಳ ವಿಷಯ ಅವಳಿಗೆ ಬೇಡ. ಎರಡು ಬಂದವು, ಎರಡರಿಂದಲೂ ಮೀಟಿಂಗುಗಳು ಹೆಚ್ಚಾದವು, ಅಷ್ಟೆ. ಹೇಳಬೇಕಾದದ್ದು ಮೊದಲ ಕೆಲಸದ ಕಥೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಡೆಟ್ರಾಯ್ಟಿನ ಸುತ್ತಮುತ್ತ ಕಾರು ಕಾರ್ಖಾನೆಗಳು ಒಂದೊಂದೇ ಶಿಫ್ಟ್ ನಿಲ್ಲಿಸುತ್ತಿದ್ದವು. ನಮ್ಮ ಯಜಮಾನರು ಕಾರಿನ ಬಾಗಿಲ ಹಿಡಿಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಒಂದು ಶುಕ್ರವಾರ ಮಧ್ಯಾಹ್ನ ತಮ್ಮ ಪೆನ್ಸಿಲುಗಳನ್ನೆಲ್ಲ ಕೋಟಿನ ಜೇಬಿಗೆ ತುಂಬಿಕೊಂಡು ಮನೆಗೆ ಬಂದರು. ಲೇಆಫ್ ಎಂಬ ಮಾತನ್ನು ನಮ್ಮ ಮನೆಯೊಳಗೆ ಕೇಳಿದ್ದು ಅವತ್ತೇ ಮೊದಲು. ಇನ್ನು ಹೆಲ್ತ್ ಇನ್ಶೂರೆನ್ಸ್ ಇದ್ದ ಕೆಲಸ ಎಂದರೆ ನನ್ನದೊಂದೇ. ಡೆಟ್ರಾಯ್ಟಿನ ಪಶ್ಚಿಮಕ್ಕಿದ್ದ ಒಂದು ಸಣ್ಣ ಕಾರ್ಖಾನೆ ಊರಿನ ಲೈಬ್ರರಿಯಲ್ಲಿ ಪ್ರೊಸೆಸಿಂಗ್ ಕ್ಲರ್ಕ್. ಊರಿನ ಹೆಸರು ಬೇಡ, ಅಲ್ಲಿಯವರ ಮೊಮ್ಮಕ್ಕಳು ಇನ್ನೂ ಇದ್ದಾರೆ.

ಪ್ರೊಸೆಸಿಂಗ್ ಎಂದರೆ ಪುಸ್ತಕವನ್ನು ಶೆಲ್ಫಿಗೆ ಅಣಿ ಮಾಡುವುದು. ಬೆನ್ನಿಗೆ ಲೇಬಲ್ಲು, ಹಿಂದೆ ಜೇಬು, ಜೇಬಿನೊಳಗೆ ಕಾರ್ಡು. ಓದುಗರು ಪುಸ್ತಕ ಒಯ್ಯುವಾಗ ಆ ಕಾರ್ಡಿನ ಮೇಲೆ ಹೆಸರು ಬರೆದು ಕೊಟ್ಟು ಹೋಗಬೇಕು. ಈಗಿನವರಿಗೆ ಇದೆಲ್ಲ ಪುರಾಣ.

ನನ್ನ ಮೇಲಿನವರು ಮಿಸ್ಟರ್ ಡಾಲ್ಟನ್. ತೆಳ್ಳಗೆ, ಎತ್ತರಕ್ಕೆ, ಯಾವಾಗಲೂ ಎದೆಯ ಜೇಬಿನಲ್ಲಿ ಆರಿಂಚಿನ ಒಂದು ಸ್ಕೇಲು. ಲೇಬಲ್ಲು ಕೆಳಗಿನಿಂದ ಒಂದೂವರೆ ಇಂಚಿಗೇ ಇರಬೇಕು, ಅಳೆದು ನೋಡುತ್ತಿದ್ದರು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್ ಬೆನೆಡಿಕ್ಟಾ ನೋಟ್‌ಬುಕ್ಕಿನ ಮಾರ್ಜಿನ್ನನ್ನು ಹೀಗೆಯೇ ಅಳೆಯುತ್ತಿದ್ದರು. ಹಾಗಾಗಿ ಈ ಮನುಷ್ಯ ನನಗೆ ಮೊದಲ ದಿನದಿಂದಲೂ ಪರಿಚಿತರಂತೆಯೇ ಕಂಡರು.

ಮೊದಲ ವಾರವೇ ಒಂದು ಅವಾಂತರ ಮಾಡಿದೆ. ಹೊಸ ಪುಸ್ತಕಗಳನ್ನು ಕೊಟ್ಟು "ಕವರ್ ಮಾಡಿ" ಎಂದರು. ಪ್ಲಾಸ್ಟಿಕ್ ಹೊದಿಕೆ ಎಲ್ಲಿದೆಯೆಂದು ಹೇಳಲಿಲ್ಲ. ನಾನು ಗ್ರೋಸರಿ ಬ್ಯಾಗುಗಳನ್ನು ಕತ್ತರಿಸಿ, ಶಾಲೆಯಲ್ಲಿ ಹಾಕುತ್ತಿದ್ದಂತೆ ಮೂಲೆ ಮಡಿಸಿ, ಹನ್ನೆರಡೂ ಪುಸ್ತಕಗಳಿಗೆ ಬ್ರೌನ್ ಪೇಪರ್ ಹಾಕಿದೆ. ಮೇಲೆ ದುಂಡಗಿನ ಅಕ್ಷರದಲ್ಲಿ ಹೆಸರು. ಡಾಲ್ಟನ್ ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಮಿಸೆಸ್ ರಾವ್, ನಮ್ಮ ಓದುಗರಿಗೆ ಪುಸ್ತಕದ ಮುಖ ನೋಡುವ ಆಸೆ ಇರುತ್ತದೆ."

ಮೇಲಿನ ಡೆಸ್ಕಿನ ಹೆಂಗಸರು ತಿಂಗಳುಗಟ್ಟಲೆ ಈ ವಿಷಯಕ್ಕೆ ನಕ್ಕರು. ನಾನೂ ಜೊತೆಗೆ ನಕ್ಕೆ. ಆದರೆ ಇನ್ನೆಂದೂ ಬ್ರೌನ್ ಪೇಪರ್ ಮುಟ್ಟುವುದಿಲ್ಲವೆಂದು ಒಳಗೊಳಗೇ ನಿಶ್ಚಯಿಸಿಕೊಂಡೆ. ಅವಮಾನದಿಂದ ಕಲಿತದ್ದು ಬೇಗ ಮರೆಯುವುದಿಲ್ಲ, ಬೇಗ ವಿಚಾರ ಮಾಡುವುದಕ್ಕೂ ಬಿಡುವುದಿಲ್ಲ.

ಆ ಚಳಿಗಾಲದಲ್ಲಿ ಬೇಸ್‌ಮೆಂಟಿಗೆ ಪೆಟ್ಟಿಗೆಗಳು ಬಂದವು. ಊರಿನ ನಡುವೆ ರೈಲು ಹಳಿ ಇತ್ತು. ಹಳಿಯ ಆಚೆ ಕಪ್ಪು ಜನ ಇದ್ದರು, ಈಚೆ ಉಳಿದವರು. ಆಚೆ ಬದಿಯಲ್ಲಿ ಒಂದು ಲಾಂಡ್ರಿಯ ಹಿಂಭಾಗದ ಕೋಣೆಯಲ್ಲಿ ಬಹಳ ವರ್ಷಗಳಿಂದ ಅವರದೇ ಒಂದು ಪುಸ್ತಕದ ಮನೆ ಇತ್ತಂತೆ. ಎಲ್ಲರೂ ಅದನ್ನು "ದಿ ರೂಮ್" ಎನ್ನುತ್ತಿದ್ದರು. ಹಿಮದ ಭಾರಕ್ಕೆ ಛಾವಣಿ ಕುಸಿಯಿತು. ಕಾರ್ಖಾನೆ ಮುಚ್ಚಿ ಜನ ಚದುರುತ್ತಿದ್ದ ಕಾಲ, ಕಟ್ಟಿಸುವವರು ಯಾರು? ಪುಸ್ತಕಗಳನ್ನು ಊರಿನ ಲೈಬ್ರರಿಗೆ ಕೊಟ್ಟರು.

ಪೆಟ್ಟಿಗೆ ತೆರೆದೆ. ಎಲ್ಲ ಪುಸ್ತಕಗಳಿಗೂ ಬ್ರೌನ್ ಪೇಪರ್! ಗ್ರೋಸರಿ ಬ್ಯಾಗಿನದೇ, ಮೂಲೆಗಳನ್ನು ನಾನು ಮಡಿಸುವಂತೆಯೇ ಮಡಿಸಿದ್ದರು. ಗಂಜಿಯ ವಾಸನೆ, ಸೋಪಿನ ವಾಸನೆ. ಒಂದು ಕ್ಷಣ ಮೈಸೂರಿಗೆ ಹೋಗಿ ಬಂದಂತಾಯಿತು. ಆಮೇಲೆ ಮೇಲಿನ ಡೆಸ್ಕಿನ ನಗು ನೆನಪಾಯಿತು. ಮೊದಲನೆಯ ಪುಸ್ತಕದ ಹೊದಿಕೆಯನ್ನು ಸರ್ರನೆ ಸೀಳಿದೆ.

ಡಾಲ್ಟನ್ ಕೊಟ್ಟಿದ್ದ ಸೂಚನೆ ಸ್ಪಷ್ಟವಾಗಿತ್ತು. ಇನ್ನು ಎರಡು ವರ್ಷಕ್ಕೆ ಕಂಪ್ಯೂಟರ್ ಬರುತ್ತದೆ, ಬಾರ್‌ಕೋಡ್ ಅಂಟಿಸಬೇಕು, ಎಲ್ಲವೂ ಯೂನಿಫಾರ್ಮ್ ಆಗಿರಲಿ. ಹಳೆಯ ಜೇಬು, ಹಳೆಯ ಕಾರ್ಡು ತೆಗೆದು ಎಸೆಯಿರಿ, ಹೊಸದು ಹಾಕಿ. ನಾನು ಕೆಟಲ್ಲು ಹಚ್ಚಿದೆ.

ಕಾರ್ಡುಗಳನ್ನು ನಾನು ನೋಡಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ನೋಡಿದೆ. ಒಂದೊಂದು ಸಾಲಿನಲ್ಲಿಯೂ ಎರಡೆರಡು ಹೆಸರು. ತಾರೀಕಿನ ಪಕ್ಕ ಇಂಕಿನಲ್ಲಿ ಒಂದು, ಅದರ ಮುಂದೆ ಪೆನ್ಸಿಲಿನಲ್ಲಿ ಇನ್ನೊಂದು. ಒಬ್ಬರು ಒಯ್ದ ಪುಸ್ತಕವನ್ನು ಕೇಳದೆ ಇನ್ನೊಬ್ಬರಿಗೆ ದಾಟಿಸುತ್ತಿದ್ದರೇನೋ, ಶಿಸ್ತಿಲ್ಲದ ಜನ, ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ಚರ್ರ್, ಚರ್ರ್. ಹನ್ನೊಂದು ದಿನ ಅದೇ ಕೆಲಸ. ಕಾರ್ಡುಗಳು ಬುಟ್ಟಿಗೆ, ಬುಟ್ಟಿ ಹಿಂದಿನ ಅಂಗಳದ ಕಸದ ಡಂಪ್‌ಸ್ಟರ್‌ಗೆ, ಡಂಪ್‌ಸ್ಟರ್ ಮಂಗಳವಾರದ ಟ್ರಕ್ಕಿಗೆ.

ಹನ್ನೆರಡನೆಯ ದಿನ ಮಿಸ್ ಅರ್ನೆಸ್ಟೀನ್ ಬಂದರು.

ಎಪ್ಪತ್ತು ದಾಟಿದ ಹೆಂಗಸು. ಚರ್ಚಿಗೆ ಹೊರಟವರಂತೆ ಹ್ಯಾಟು, ಬಿಳಿ ಕೈಗವಸು. ಬೇಸ್‌ಮೆಂಟಿನ ಮೆಟ್ಟಿಲನ್ನು ಒಂದೊಂದಾಗಿ ಕಾಲಿನಿಂದ ತಡವಿ ಇಳಿದರು. ಆ ರೂಮನ್ನು ನಡೆಸಿದವರಲ್ಲಿ ಉಳಿದವರು ಅವರೊಬ್ಬರೇ ಎಂದು ಆಮೇಲೆ ಗೊತ್ತಾಯಿತು. ಅವರ ಮಾತನ್ನು ನನ್ನ ಮೈಸೂರು ಕನ್ನಡದಲ್ಲಿಯೇ ಹೇಳುತ್ತೇನೆ, ದಕ್ಷಿಣದ ಅಲಬಾಮಾ ರಾಜ್ಯದ ಮಾತಿನ ಎಳೆತ ನನ್ನ ಕೈಲಿ ಬರೆಯುವುದಕ್ಕೆ ಬರುವುದಿಲ್ಲ. ನನ್ನನ್ನು ಅವರು "ಬೇಬಿ" ಎನ್ನುತ್ತಿದ್ದರು. ಅದಕ್ಕೆ "ಮಗೂ" ಎಂದರೇ ಸರಿ.

"ನಮ್ಮ ಪುಸ್ತಕಗಳು ಹೇಗಿದಾವೆ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ. ಹಕ್ಕಿ ಪುಸ್ತಕ ಒಂದಿತ್ತು. ನೀಲಿ ರಟ್ಟು. ಇದೆಯಾ ಮಗೂ?"

ಇತ್ತು. ಮೂರು ದಿನದ ಹಿಂದೆ ಮುಗಿಸಿದ್ದೆ. ಹೆಮ್ಮೆಯಿಂದಲೇ ತಂದುಕೊಟ್ಟೆ. ಅವರು ಮುಖಪುಟ ನೋಡಲಿಲ್ಲ, ನೇರವಾಗಿ ಹಿಂದಿನ ರಟ್ಟು ತೆರೆದರು. ಬಿಳಿಯ ಹೊಸ ಜೇಬು, ಖಾಲಿ ಕಾರ್ಡು. ಕೈಗವಸು ತೆಗೆದು ಬೆರಳಾಡಿಸಿದರು.

"ಹಳೆ ಕಾರ್ಡ್ ಎಲ್ಲಿಟ್ಟಿದೀಯ?"

"ಎಲ್ಲಾ ಹೊಸದು ಹಾಕಿದೀನಿ ಮ್ಯಾಮ್."

"ಅದು ಕಾಣುತ್ತೆ. ಹಳೇದು ಎಲ್ಲಿ?"

ನಾನು ಬುಟ್ಟಿಯ ಕಡೆ ನೋಡಿದೆ. ಬುಟ್ಟಿ ಖಾಲಿ ಇತ್ತು. ಅವರೂ ನಾನು ನೋಡಿದ ಕಡೆಗೇ ನೋಡಿದರು. ಆಮೇಲೆ ಕೇಳದೆಯೇ ನನ್ನ ಕುರ್ಚಿಯ ಮೇಲೆ ಕೂತರು.

"ಪೆನ್ಸಿಲಲ್ಲಿ ಬರೆದಿತ್ತಲ್ಲ, ಆ ಹೆಸರುಗಳನ್ನ ಓದಿದ್ಯಾ?"

"ನೋಡಿದೆ. ಅದು ಏನಂತ ಗೊತ್ತಾಗಲಿಲ್ಲ."

"ಕೇಳಬಹುದಿತ್ತು."

ಅಷ್ಟೇ ಅಂದದ್ದು. ಬೈದಿದ್ದರೆ ಸುಲಭವಾಗುತ್ತಿತ್ತು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು. ರೂಮಿನಲ್ಲಿ ಒಂದು ಪದ್ಧತಿ ಇತ್ತು. ದಕ್ಷಿಣದ ಹೊಲಗಳನ್ನು ಬಿಟ್ಟು ಕಾರ್ಖಾನೆಗೆಂದು ಬಂದವರಲ್ಲಿ ಹಿರಿಯರಿಗೆ ಓದು ಬರುತ್ತಿರಲಿಲ್ಲ, ಅಲ್ಲಿ ಯಾರೂ ಕಲಿಸಿರಲಿಲ್ಲ. ಹಾಗಾಗಿ ಪುಸ್ತಕ ಒಯ್ದವರು ಅದನ್ನು ಯಾರಿಗಾದರೂ ಓದಿ ಹೇಳಬೇಕಿತ್ತು. ಹಿಂದಿರುಗಿಸುವಾಗ ಮೇಜಿನ ಹಿಂದೆ ಕೂತವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾರಿಗೆ ಓದಿ ಹೇಳಿದ್ದು? ಆ ಹೆಸರನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಯಾರಿಗೂ ಹೇಳಿಲ್ಲ ಎಂದರೆ ಇನ್ನೊಂದು ವಾರ ಇಟ್ಟುಕೊಂಡು ಹೋಗಿ ಎಂದು ವಾಪಸ್ಸು ಕಳಿಸುತ್ತಿದ್ದರು.

"ಈ ಹಕ್ಕಿ ಪುಸ್ತಕದಲ್ಲಿ ನಮ್ಮಮ್ಮನ ಹೆಸರಿತ್ತು, ಲೂಲಾ ಅಂತ. ನಾನು ಓದಿದ್ದು, ಅವಳು ಕೇಳಿದ್ದು. ಇದೇ ಲೈಬ್ರರಿ ನೆಲ ಒರೆಸ್ತಿದ್ಳು ಅವಳು. ಬೆಳಿಗ್ಗೆ ಬಾಗಿಲು ತೆಗೆಯೋಳು ಅವಳೇ. ಪುಸ್ತಕ ಧೂಳು ಹೊಡೆದು ಇಡೋಳು, ಒಂದನ್ನೂ ಮನೆಗೆ ತರೋ ಹಾಗಿರಲಿಲ್ಲ. ಅವಳ ಸಮಾಧಿಗೆ ಕಲ್ಲು ಹಾಕಿಸೋಕಾಗಲಿಲ್ಲ ನಮ್ಮ ಕೈಲಿ. ಅವಳ ಹೆಸರು ಬರೆದಿದ್ದು ಅಂದ್ರೆ ಅದೊಂದು ಕಾರ್ಡಲ್ಲಿ."

ನಾನು ಏನು ಹೇಳಿದೆನೋ ನೆನಪಿಲ್ಲ. ಸಾರಿ ಅಂದಿರಬೇಕು. ಕಾನ್ವೆಂಟಿನವರಿಗೆ ಆ ಪದ ಬೇಗ ಬಾಯಿಗೆ ಬರುತ್ತದೆ.

ಡಾಲ್ಟನ್ ಇಳಿದು ಬಂದು ಎಲ್ಲವನ್ನೂ ಕೇಳಿಸಿಕೊಂಡರು. ಅವರು ಕೆಟ್ಟವರಲ್ಲ, ಟು ಬಿ ಫೇರ್. ಅವರು ಹೇಳಿದ್ದು ನಮ್ಮ ವೃತ್ತಿಯ ಒಂದು ದೊಡ್ಡ ನಿಯಮ, ಮೇಘನಾಳಿಗೂ ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಡುತ್ತಾರೆ. ಯಾರು ಏನು ಓದಿದರು ಎಂಬುದನ್ನು ಲೈಬ್ರರಿ ನೆನಪಿಟ್ಟುಕೊಳ್ಳಬಾರದು. ಅದು ಓದುಗರ ಖಾಸಗಿ ವಿಷಯ, ದಾಖಲೆಯನ್ನು ನಾಶ ಮಾಡುವುದೇ ಮರ್ಯಾದೆ.

"ನಿಮ್ಮ ಜನರ ಗೌರವ ಕಾಪಾಡುವುದಕ್ಕೇ ಆ ನಿಯಮ ಇರುವುದು" ಎಂದರು.

ಮಿಸ್ ಅರ್ನೆಸ್ಟೀನ್ ಕೈಗವಸು ಹಾಕಿಕೊಳ್ಳುತ್ತಾ ಹೇಳಿದರು: "ಮಿಸ್ಟರ್ ಡಾಲ್ಟನ್, ನಿಮ್ಮ ಹೆಸರು ಈ ಬಾಗಿಲ ಮೇಲಿದೆ. ಫೋನ್ ಬುಕ್ಕಲ್ಲಿದೆ, ಮನೆ ಪತ್ರದಲ್ಲಿದೆ. ಒಂದು ಕಾರ್ಡಲ್ಲಿ ಇಲ್ದೇ ಇದ್ರೆ ನಿಮಗೆ ಏನೂ ಆಗಲ್ಲ."

ನಿಯಮ ಇವತ್ತಿಗೂ ಸರಿ ಎಂದೇ ನಾನು ನಂಬಿದ್ದೇನೆ. ಆ ಹೆಂಗಸಿನ ಮಾತೂ ಸರಿ. ಇವೆರಡನ್ನೂ ಒಟ್ಟಿಗೆ ಹೊತ್ತುಕೊಂಡು ಕೆಲಸ ಮಾಡುವುದು ಹೇಗೆಂದು ನನಗೆ ಯಾವ ಕೋರ್ಸಿನಲ್ಲಿಯೂ ಯಾರೂ ಹೇಳಿಕೊಡಲಿಲ್ಲ.

ಅವರು ಹೋದ ಮೇಲೆ ನಾನು ಕೋಟು ಹಾಕಿಕೊಂಡು ಡಂಪ್‌ಸ್ಟರ್‌ಗೆ ಇಣುಕಿದೆ. ತಳದಲ್ಲಿ ಮಂಜು ಗಟ್ಟಿಯಾಗಿತ್ತು, ಇನ್ನೇನೂ ಇರಲಿಲ್ಲ. ಮೇಜಿನ ಕೆಳಗೆ ತೆರೆಯದ ಪೆಟ್ಟಿಗೆಗಳು ಎರಡು ಉಳಿದಿದ್ದವು. ಅವುಗಳ ಕಾರ್ಡುಗಳಷ್ಟೇ ಉಳಿದವು.

ಮುಂದಿನ ಶನಿವಾರ ಅವರ ಮನೆಗೆ ಹೋಗುತ್ತೇನೆಂದಾಗ ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತಿದರು.

"ಹಳಿ ಆಚೆಗಾ? ಬೇಡ ಕಣೇ. ನಮ್ಮವರ ಪಾರ್ಟೀಲಿ ಎಲ್ಲಾ ಹೇಳ್ತಿದ್ರಲ್ಲ ಆ ಏರಿಯಾ ಹೇಗೆ ಅಂತ."

"ಹೇಳಿದವರಲ್ಲಿ ಯಾರು ಹೋಗಿ ನೋಡಿದಾರೆ?"

"ನೀನು ನೋಡಿದೀಯಾ?"

"ಇಲ್ಲ, ಅದಕ್ಕೇ ಹೋಗ್ತಿದೀನಿ."

ಕೊನೆಗೆ ಅವರೇ ಡ್ರೈವ್ ಮಾಡಿದರು. ಎರಡು ಮೈಲಿಯೂ ಇರಲಿಲ್ಲ. ನನ್ನನ್ನು ಇಳಿಸಿ, ಕಾರಿನಲ್ಲೇ ಕೂತು ಕೆಲಸದ ಜಾಹೀರಾತು ನೋಡತೊಡಗಿದರು. ಹತ್ತು ನಿಮಿಷ ಕಳೆದಿರಬೇಕು. ಮಿಸ್ ಅರ್ನೆಸ್ಟೀನ್ ಪರದೆ ಸರಿಸಿದರು.

"ಆ ಗಂಡಸು ಯಾಕೆ ಹೊರಗೆ ನಡುಗ್ತಾ ಕೂತಿದಾನೆ? ನಾನೇನು ಕಚ್ತೀನಾ? ಕರಿ ಒಳಗೆ."

ಬಂದರು, ಕೇಕು ತಿಂದರು. ಮೂರನೇ ಶನಿವಾರದ ಹೊತ್ತಿಗೆ ಅವರ ಅಡುಗೆಮನೆಯ ಗಾಳಿ ನುಗ್ಗುತ್ತಿದ್ದ ಕಿಟಕಿಯನ್ನು ಬಿಚ್ಚಿ ಸರಿಮಾಡುತ್ತಾ ಕೂತಿದ್ದರು. ಕೆಲಸವಿಲ್ಲದ ಕೈಗೆ ಕೆಲಸ.

ನಾನು ಹೋದದ್ದು ಒಂದೇ ಉದ್ದೇಶಕ್ಕೆ. ಹೋದ ಹೆಸರುಗಳು ಇನ್ನು ಅವರ ತಲೆಯಲ್ಲಿ ಮಾತ್ರ ಇದ್ದವು. ಅವರ ಕಣ್ಣು ಮಂಜಾಗುತ್ತಿತ್ತು. ಜೊತೆಗಿದ್ದ ಅಣ್ಣನ ಮಗ ಕ್ಲೈಡ್‌ಗೆ ಕಾರ್ಖಾನೆಯಲ್ಲಿ ಲೇಆಫ್ ಆಗಿತ್ತು, ವಸಂತ ಬಂದರೆ ಇಬ್ಬರೂ ಅಲಬಾಮಾಕ್ಕೆ ಹೊರಡುವವರಿದ್ದರು. ಅಷ್ಟರೊಳಗೆ ಎಷ್ಟು ಸಾಧ್ಯವೋ ಅಷ್ಟು ಪುಸ್ತಕಗಳಿಗೆ ಅವರ ಜನರನ್ನು ವಾಪಸ್ಸು ಸೇರಿಸಬೇಕಿತ್ತು. ನನ್ನ ಮೆಂಬರ್ ಕಾರ್ಡಿನ ಮೇಲೆ ಒಮ್ಮೆಗೆ ಹತ್ತು ಪುಸ್ತಕ ಸಿಗುತ್ತಿತ್ತು. ಹತ್ತು ಒಯ್ಯುತ್ತಿದ್ದೆ, ಹತ್ತು ಹಿಂದೆ ತರುತ್ತಿದ್ದೆ.

ಅವರು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ರಟ್ಟು ಸವರುತ್ತಿದ್ದರು. ನಾನು ಪುಸ್ತಕದ ಹೆಸರು ಓದಿ ಹೇಳುತ್ತಿದ್ದೆ. ಯಾರು ಓದಿದ್ದು, ಯಾರು ಕೇಳಿದ್ದು ಎಂದು ಅವರು ಹೇಳುತ್ತಿದ್ದರು, ನಾನು ಅದನ್ನು ಬೇರೊಂದು ಕಾರ್ಡಿನ ಮೇಲೆ ಬರೆದು ಆ ಪುಸ್ತಕದ ಜೇಬಿಗೆ ಸೇರಿಸುತ್ತಿದ್ದೆ. ಎರಕದ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬಾತ ಜೇನು ಸಾಕುವ ಪುಸ್ತಕ ಒಯ್ದು, ತಾನಿದ್ದ ಮನೆಯೊಡತಿಯ ಕುರುಡು ತಾಯಿಗೆ ಓದಿದ್ದ. ಜೇನು ಸಾಕುವ ಯೋಚನೆ ಇಬ್ಬರಿಗೂ ಇರಲಿಲ್ಲ. ಇನ್ನೊಬ್ಬ ಹೆಂಗಸು ಬಾಡಿಗೆ ಕಾನೂನಿನ ಪುಸ್ತಕವನ್ನು ಜಗಲಿಯ ಮೇಲೆ ಕೂತು ಮೂವರು ನೆರೆಯವರಿಗೆ ಜೋರಾಗಿ ಓದಿದ್ದಳು, ಬೀದಿಯಲ್ಲಿ ಹೋಗುವ ಮಾಲೀಕನಿಗೂ ಕೇಳಿಸಲಿ ಎಂದು.

"ಅವನ ಹೆಸರು ಮಾತ್ರ ಕಾರ್ಡಲ್ಲಿ ಬರೀಲಿಲ್ಲ. ಕಿವಿಗೆ ಬಿದ್ದಿದ್ದು ಹೌದು, ಕಿವಿಗೊಡಲಿಲ್ಲ ಅವನು" ಎಂದು ನಕ್ಕರು.

ರೂಮು ಹುಟ್ಟಿದ್ದು ಹೇಗೆಂದೂ ಹಾಗೆಯೇ ತುಂಡು ತುಂಡಾಗಿ ತಿಳಿಯಿತು. ಊರಿನ ಲೈಬ್ರರಿಯ ಬಾಗಿಲಿಗೆ ಕಪ್ಪು ಜನ ಬರಕೂಡದೆಂದು ಬೋರ್ಡೇನೂ ಇರಲಿಲ್ಲ. ಮೆಂಬರ್ ಆಗಬೇಕಾದರೆ ಊರಿನಲ್ಲಿ ಸ್ವಂತ ಮನೆಯಿರುವವರೊಬ್ಬರು ಸಹಿ ಹಾಕಬೇಕು, ಅಷ್ಟೆ. ಹಳಿಯ ಆಚೆಯವರಿಗೆ ಮನೆ ಮಾರುತ್ತಿರಲಿಲ್ಲ, ಈಚೆಯವರು ಸಹಿ ಹಾಕುತ್ತಿರಲಿಲ್ಲ. ಮೂವತ್ತರ ದಶಕದ ದೊಡ್ಡ ಆರ್ಥಿಕ ಕುಸಿತದ ಕಾಲದಲ್ಲಿ, ಗಂಡಸರಿಗೆಲ್ಲ ಕೆಲಸ ಹೋಗಿದ್ದಾಗ, ಲಾಂಡ್ರಿಯ ನಾಲ್ಕು ಹೆಂಗಸರು ಒಂದು ಶೆಲ್ಫು ಇಟ್ಟರು. ಮೊದಲು ನಲ್ಲಿಯಲ್ಲಿ ಕೈ ತೊಳೆಯಬೇಕು, ಆಮೇಲೆ ಪುಸ್ತಕ ಮುಟ್ಟಬೇಕು. ಗ್ರೋಸರಿ ಬ್ಯಾಗುಗಳಿಗೆ ಲಾಂಡ್ರಿಯ ಇಸ್ತ್ರಿ ಹಾಕಿ ಸುಕ್ಕು ತೆಗೆದು ಹೊದಿಕೆ. ಆ ಗಂಜಿಯ ವಾಸನೆ ಎಲ್ಲಿಯದೆಂದು ಆಗ ತಿಳಿಯಿತು.

ಒಂದು ಶನಿವಾರ ಅವರು ಕೇಳಿದರು: "ನಿಮ್ಮೂರಲ್ಲಿ ಲೈಬ್ರರಿ ಇತ್ತಾ ಮಗೂ? ಎಲ್ಲರಿಗೂ ಪುಸ್ತಕ ಕೊಡ್ತಿದ್ರಾ?"

ನಮ್ಮ ಕಾನ್ವೆಂಟಿನಲ್ಲಿ ಗಾಜಿನ ಬಾಗಿಲಿನ ಪುಸ್ತಕದ ಬೀರು ಇತ್ತು. ಹಿಂದಿನ ಕಟ್ಟಡದಲ್ಲಿ ಅನಾಥಾಶ್ರಮದ ಹುಡುಗಿಯರಿದ್ದರು. ನಮ್ಮ ತಟ್ಟೆ ತೊಳೆಯುತ್ತಿದ್ದವರು ಅವರೇ. ಅವರಿಗೆ ಆ ಬೀರುವಿನ ಪುಸ್ತಕ ಇಲ್ಲ. ಯಾರೂ ಹಾಗೆಂದು ಬರೆದು ಹಾಕಿರಲಿಲ್ಲ. ಲೈಬ್ರರಿ ಮಾನಿಟರ್ ನಾನು, ಕೀಲಿ ನನ್ನ ಬೆಲ್ಟಿಗೆ ಕಟ್ಟಿರುತ್ತಿತ್ತು.

"ಇಲ್ಲ, ಎಲ್ಲರಿಗೂ ಕೊಡ್ತಿರಲಿಲ್ಲ" ಎಂದೆ. "ಕೀಲಿ ನನ್ನ ಹತ್ರಾನೇ ಇತ್ತು."

ಕಿಟಕಿಯ ಹತ್ತಿರ ಯಜಮಾನರ ಸ್ಕ್ರೂಡ್ರೈವರಿನ ಸದ್ದು ನಿಂತಿತು. ಅವರಿಗೂ ಇದನ್ನು ನಾನು ಹೇಳಿರಲಿಲ್ಲ. ಮಿಸ್ ಅರ್ನೆಸ್ಟೀನ್ ಕೈ ಚಾಚಿ, "ಮುಂದಿನ ಪುಸ್ತಕ ಕೊಡು" ಎಂದರು.

ಅವರದೊಂದು ಕಟ್ಟುನಿಟ್ಟಿತ್ತು. "ನನಗೆ ಖಂಡಿತ ಗೊತ್ತಿದ್ರೆ ಮಾತ್ರ ಬರಿ. ಗೊತ್ತಿಲ್ದೇ ಇದ್ರೆ ಖಾಲಿ ಬಿಡು. ಊಹೆ ಮಾಡಿ ತುಂಬಿಸಿದ್ರೆ ಇರೋ ಹೆಸರಿಗೂ ಬೆಲೆ ಇರಲ್ಲ." ಮೊದಮೊದಲು ಹತ್ತರಲ್ಲಿ ಆರೇಳು ತುಂಬುತ್ತಿದ್ದವು. ಬರುಬರುತ್ತಾ ನಾಲ್ಕು, ಮೂರು. ಮಾರ್ಚ್ ತಿಂಗಳಲ್ಲಿ ನನಗೂ ಲೇಆಫ್ ಆಯಿತು, ಕೊನೆಗೆ ಬಂದವಳು ಮೊದಲು ಹೋಗಬೇಕು. ಆ ದಿನ ಡಾಲ್ಟನ್ ನನ್ನ ಮೇಜಿನ ಮೇಲೆ ಹಕ್ಕಿ ಪುಸ್ತಕ ಇಟ್ಟು ಹೋದರು. ಒಳಗೆ "ವಿತ್‌ಡ್ರಾನ್" ಎಂದು ಠಸ್ಸೆ ಒತ್ತಿದ್ದರು. ಲೈಬ್ರರಿಗೆ ಬೇಡವಾದ ಪುಸ್ತಕಕ್ಕೆ ಒತ್ತುವ ಠಸ್ಸೆ. ಎಂದರೆ ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. ಠಸ್ಸೆ ಕೆಳಗಿನಿಂದ ಸರಿಯಾಗಿ ಒಂದೂವರೆ ಇಂಚಿಗಿತ್ತು.

ಕೆಲಸ ಹೋದ ಮೇಲೂ ಶನಿವಾರ ನಿಲ್ಲಲಿಲ್ಲ. ಆದರೆ ಏನೋ ಬದಲಾಗಿತ್ತು. ಹೊಲಿಗೆಯ ಪುಸ್ತಕ ಕೊಟ್ಟೆ.

"ಯಾರಿಗೆ ಓದಿ ಹೇಳಿದ್ದು ಇದನ್ನ?"

"ಅಮ್ಮಂಗೆ. ಲೂಲಾ ಅಂತ ಬರಿ."

ಕುರಿ ಸಾಕುವ ಪುಸ್ತಕ. "ಅಮ್ಮಂಗೆ." ಬೀಜಗಣಿತ. "ಅಮ್ಮಂಗೇ, ಬರಿ." ಮುಖದಲ್ಲಿ ಅನುಮಾನದ ನೆರಳೂ ಇಲ್ಲ. ಉಳಿದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋಗಿ, ಅವರ ನೆನಪಿನ ರೂಮಿನಲ್ಲಿ ಲೂಲಾ ಒಬ್ಬಳೇ ಕೂತಿದ್ದಳು. ಕ್ಲೈಡ್ ನನ್ನ ಮುಖ ನೋಡಿ ತಲೆ ತಗ್ಗಿಸಿದ.

"ಬರೆದ್ಯಾ?"

"ಬರೆದೆ" ಎಂದೆ. ಬರೆದಿರಲಿಲ್ಲ. ಅವರ ನಿಯಮವನ್ನು ಅವರಿಗೇ ತಿಳಿಯದಂತೆ ಪಾಲಿಸುತ್ತಾ, ಅವರ ಕಣ್ಣಿನ ಮಂಜನ್ನು ನಂಬಿಕೊಂಡು, ಹನ್ನೆರಡು ಕಾರ್ಡುಗಳಿಗೆ ಸುಳ್ಳು ಹೇಳಿದೆ. ಕರುಣೆಯೋ ಮೋಸವೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಯಜಮಾನರು ರಸ್ತೆ ನೋಡುತ್ತಾ ಡ್ರೈವ್ ಮಾಡುತ್ತಿದ್ದರು.

ಆ ಪುಸ್ತಕಗಳು ಏನಾದವು ಎಂದು ಮೇಘನಾ ಕೇಳಿಯೇ ಕೇಳುತ್ತಾಳೆ. ನನಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು, ಕಂಪ್ಯೂಟರ್ ಬಂತು. ಕಾರ್ಡುಗಳು ಯಾರಿಗೂ ಬೇಡವಾದವು. ಹಳೆಯ ಪುಸ್ತಕಗಳನ್ನು ಶೆಲ್ಫಿನಿಂದ ಆರಿಸಿ ತೆಗೆದುಹಾಕುವುದೂ ನಮ್ಮ ಕೆಲಸವೇ. ಯಾರೋ ಒಬ್ಬರು, ನನ್ನಷ್ಟೇ ಅಚ್ಚುಕಟ್ಟಾಗಿ, ಅವನ್ನು ತೆಗೆದುಹಾಕಿದರು. ಬಹಳ ವರ್ಷಗಳ ಮೇಲೆ, ಮತ್ತೊಂದು ರಿಸೆಷನ್ನಿನಲ್ಲಿ ಸಾಲ ತೀರಿಸಲಾಗದವರ ಮನೆಗಳ ಮುಂದೆಲ್ಲ ಬ್ಯಾಂಕಿನ ಬೋರ್ಡು ನೆಟ್ಟಿದ್ದ ಕಾಲದಲ್ಲಿ, ಒಂದು ಹಳೆ ಪುಸ್ತಕದ ಸೇಲ್‌ನಲ್ಲಿ ಜೇನಿನ ಪುಸ್ತಕ ಸಿಕ್ಕಿತು. ಒಳಗೆ ನನ್ನ ದುಂಡಗಿನ ಅಕ್ಷರ: ಎರಕದ ಮನೆಯವನ ಹೆಸರು, ಅದರ ಮುಂದೆ ಪೆನ್ಸಿಲಿನಲ್ಲಿ ಆ ಕುರುಡು ಮುದುಕಿಯ ಹೆಸರು. ಅದೊಂದು ಈಗ ನನ್ನ ಶೆಲ್ಫಿನಲ್ಲಿದೆ. ಬೇರೆ ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ. ಎರಡು ಪೆಟ್ಟಿಗೆಯ ಹಳೆಯ ಕಾರ್ಡುಗಳನ್ನು ಮಾತ್ರ ಕ್ಲೈಡ್ ತೆಗೆದುಕೊಂಡು ಹೋಗಿದ್ದ.

ಅವರು ಹೊರಟದ್ದು ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ. ಬೀದಿಯ ಅಂಚಿನಲ್ಲಿ ಕೊಳಕು ಹಿಮ ಇನ್ನೂ ಸ್ವಲ್ಪ ಉಳಿದಿತ್ತು. ಕ್ಲೈಡ್ ಸ್ಟೇಷನ್ ವ್ಯಾಗನ್ನಿನ ಮೇಲೆ ಹಗ್ಗ ಬಿಗಿಯುತ್ತಿದ್ದ. ಮಿಸ್ ಅರ್ನೆಸ್ಟೀನ್ ಹ್ಯಾಟು, ಕೈಗವಸು ಹಾಕಿ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ಮಡಿಲಲ್ಲಿ ಹಕ್ಕಿ ಪುಸ್ತಕ. ಮತ್ತೆ ಬ್ರೌನ್ ಪೇಪರ್ ಹಾಕಿ ಕೊಟ್ಟಿದ್ದೆ.

"ಕಳೆದ ತಿಂಗಳು ಬರೆದ ಕಾರ್ಡು ತಂದಿದೀಯಾ? ಹೊರಡೋ ಮುಂಚೆ ಒಂದ್ಸಲ ಓದಿ ಹೇಳು."

"ಆಂಟಿ, ದಾರಿ ದೂರ ಇದೆ" ಎಂದ ಕ್ಲೈಡ್.

"ಅಲಬಾಮಾ ಎಲ್ಲೂ ಓಡಿ ಹೋಗಲ್ಲ. ಓದು ಮಗೂ."

ಪುಸ್ತಕಗಳಿಗೆ ಸೇರಿಸದೆ ಇಟ್ಟುಕೊಂಡಿದ್ದ ಹನ್ನೆರಡು ಖಾಲಿ ಕಾರ್ಡುಗಳನ್ನು ಬ್ಯಾಗಿನಿಂದ ತೆಗೆದೆ. ಮೇಲೆ ಪುಸ್ತಕದ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಓದತೊಡಗಿದೆ.

"ಹೊಲಿಗೆ. ಕೇಳಿದವರು, ಲೂಲಾ. ಕುರಿ ಸಾಕುವುದು. ಕೇಳಿದವರು, ಲೂಲಾ. ಬೀಜಗಣಿತ. ಲೂಲಾ. ಟೈಪ್‌ರೈಟಿಂಗ್ ಕಲಿಯುವುದು. ಕೇಳಿದವರು…"

ಕೈಗವಸಿನ ಕೈ ಮೇಲೆದ್ದಿತು.

"ನಿಲ್ಲು. ಟೈಪ್‌ರೈಟಿಂಗ್ ಪುಸ್ತಕಾನ ಯಾರಾದ್ರೂ ಓದಿ ಹೇಳ್ತಾರಾ? ಅಮ್ಮನ ಮುಂದೆ ಕೂತು ಎ ಎಸ್ ಡಿ ಎಫ್ ಅಂತ ಓದಿದ್ನಾ ನಾನು?"

ಕ್ಲೈಡ್ ಹಗ್ಗ ಬಿಟ್ಟು ನಮ್ಮ ಕಡೆ ನೋಡಿದ.

"ನೀವೇ ಹೇಳಿದ್ರಿ, ಮಿಸ್ ಅರ್ನೆಸ್ಟೀನ್."

"ನಾನು ಹೇಳಿದ್ರೆ? ನನ್ನ ತಲೆ ಹೇಗಾಗಿದೆ ಅಂತ ನಿನಗೆ ಗೊತ್ತಾಗಲ್ವಾ? ಗೊತ್ತಿಲ್ದೇ ಇದ್ರೆ ಖಾಲಿ ಬಿಡು ಅಂತ ಎಷ್ಟು ಸಲ ಹೇಳಿದೀನಿ?"

"ಖಾಲಿ ಬಿಟ್ಟಿದೀನಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ: "ಖಾಲಿನೇ ಬಿಟ್ಟಿದೀನಿ. ಈಗ ಸುಮ್ನೆ ಓದಿದೆ."

ಅವರು ಒಂದು ಕೈಗವಸು ತೆಗೆದರು. ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು, ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಕೊನೆಗೆ ಹೆಬ್ಬೆರಳಿನಿಂದ ಸವರಿದರು.

"ಹನ್ನೆರಡೂನಾ?"

"ಹನ್ನೆರಡೂ."

"ಇದು?" ಮಡಿಲ ಪುಸ್ತಕವನ್ನು ತಟ್ಟಿದರು.

"ಇದರಲ್ಲಿ ಬರೆದಿದೆ. ಮೊದಲನೇ ಶನಿವಾರಾನೇ ಬರೆದದ್ದು. ಓದಿದವರು ಅರ್ನೆಸ್ಟೀನ್, ಕೇಳಿದವರು ಲೂಲಾ."

"ಅದು ಖಂಡಿತ" ಎಂದರು. "ಅದೊಂದು ಖಂಡಿತ."

ಕಾರ್ಡನ್ನು ನನಗೆ ಹಿಂದಿರುಗಿಸಿ, ಕೈಗವಸು ಹಾಕಿಕೊಳ್ಳುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು. ಕ್ಲೈಡ್ ಬಾಗಿಲು ಮುಚ್ಚಿದ. ವ್ಯಾಗನ್ನು ನಿಧಾನವಾಗಿ ಬೀದಿಯ ತುದಿಗೆ ಹೋಯಿತು. ರೈಲು ಹಳಿ ದಾಟುವಾಗ ಒಮ್ಮೆ ಕುಲುಕಿತು. ಹಿಂದಿನ ಗಾಜಿನಲ್ಲಿ ಹ್ಯಾಟು ಅಲುಗಿದ್ದು, ಅದನ್ನು ಹಿಡಿದುಕೊಳ್ಳಲು ಬಿಳಿಯ ಕೈಯೊಂದು ಮೇಲೆದ್ದದ್ದು ಕಂಡಿತು. ಇನ್ನೊಂದು ಕೈಯನ್ನು ಪುಸ್ತಕದ ಮೇಲಿಂದ ತೆಗೆದಿರಲಾರರು.